ಜಿಪ್ಪಕ್ಕನ ಮೂಗು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ‘ಜಿಪ್, ಬ್ಯಾಗ್, ಶೂ ರಿಪೇರಿ’ ಎಂದು ಬರೆದಿತ್ತು. ಮೊದಲ ಮಾತನ್ನೇ ಹಿಡಿದುಕೊಂಡು ಯಾವನೋ ಪುಣ್ಯಾತ್ಮ ಒಂದು ದಿನ ‘ಜಿಪ್ಪಕ್ಕಾ’ ಎಂದು ಕೂಗಿದ. ಅಲ್ಲಿಂದ ಮುಂದೆ ಅವಳು ಊರಿಗೆಲ್ಲ ಜಿಪ್ಪಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಅದರ ಬಗ್ಗೆ ಅವಳು ತಲೆ ಕೆಡಿಸಿಕೊಂಡವಳಲ್ಲ. ಕೆಡಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ಅವಳ ಗಿರಾಕಿಗಳೆಲ್ಲ ಅವಸರದವರು. ಬಸ್ಸು ಹೊರಡಲು ಕಾಲು ಗಂಟೆ ಇರುವಾಗ ಸೂಟ್‌ಕೇಸಿನ ಹಿಡಿ ಕಿತ್ತು ಕೈಗೆ ಬಂದವರು, ಬಟ್ಟೆ ಹೊರಗೆ ಚೆಲ್ಲುತ್ತಿರುವ ಬ್ಯಾಗನ್ನು ಮಗುವಿನ ಹಾಗೆ ತಬ್ಬಿಕೊಂಡು ಓಡಿ ಬರುವವರು, ಶೂ ಬಾಯಿ ಬಿಟ್ಟಿದ್ದರಿಂದ ಕುಂಟುತ್ತಾ ಬರುವವರು. ಜಿಪ್ಪಕ್ಕ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, “ನಾನು ನಿಮ್ಮನ್ನ ಬಿಟ್ಟ ಮೇಲೇ ಹೊರಡ್ಬೇಕು ಅಂತ ಬಸ್ಸಿಗೆ ಹೇಳಿ” ಎನ್ನುತ್ತಿದ್ದಳು. ಜಿಪ್ಪಿನ ರನ್ನರ್ ಬದಲಿಸುವುದು ಅವಳು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಮಿಕ್ಕಿದ್ದಕ್ಕೆಲ್ಲ ಅಂಟು ಇತ್ತು. ಹಳದಿ ಬಣ್ಣದ, ಮೂಗಿಗೆ ರಾಚುವ ಅಂಟು. ಒಂದು ಲೇಪ ಹಚ್ಚಿ ಒತ್ತಿ ಹಿಡಿದರೆ ಮುಗಿಯಿತು. ಅವಳ ಅಪ್ಪ ಇದೇ ಕೋಣೆಯಲ್ಲಿ ದಬ್ಬಳ ಹಿಡಿದು, ಮೇಣ ಸವರಿದ ದಾರದಲ್ಲಿ ಒಂದು ಬ್ಯಾಗಿಗೆ ಅರ್ಧ ದಿನ ಹೊಲಿಯುತ್ತಿದ್ದ. ಅಷ್ಟು ಹೊತ್ತು ಕಾಯುವ ಬಸ್ಸು ಈಗ ಯಾವ ಊರಲ್ಲಿದೆ?

ಇಪ್ಪತ್ತೆರಡು ವರ್ಷ ಆ ಅಂಟಿನ ಪಕ್ಕ ಕೂತದ್ದಕ್ಕೆ ಜಿಪ್ಪಕ್ಕನ ಮೂಗು ಸತ್ತುಹೋಗಿತ್ತು. ಉಸಿರಾಡುವುದೊಂದು ಬಿಟ್ಟರೆ ಅದರಿಂದ ಬೇರೆ ಉಪಯೋಗವಿರಲಿಲ್ಲ. ಒಮ್ಮೆ ಒಲೆಯ ಮೇಲೆ ಹಾಲು ಸೀದು ಕರಕಲಾಗಿ, ಎದುರುಮನೆಯವರು ಓಡಿ ಬಂದು ಬಾಗಿಲು ಬಡಿದಾಗ ಅವಳು, “ವಾಸನೆನಾ? ಎಲ್ಲಿ?” ಎಂದು ಕೇಳಿದ್ದು ಬೀದಿಯಲ್ಲಿ ಬಹಳ ಕಾಲ ನಗೆಯ ಮಾತಾಗಿತ್ತು. ಅವಳೂ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮನೆಯಲ್ಲಿ ಅವಳು ಮತ್ತು ಮಗಳು, ಇಬ್ಬರೇ. ಗಂಡನೆಂಬುವನು ಮಗುವಿಗೆ ಮೂರು ವರ್ಷವಾಗಿದ್ದಾಗ ಕೆಲಸ ಹುಡುಕುತ್ತೇನೆಂದು ಹೋದವನು, ಕೆಲಸದ ಜೊತೆಗೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡಿದ್ದ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ, ನಡುವೆ ಹಲಗೆಯ ಗೋಡೆ. ಚಿಕ್ಕವಳಿದ್ದಾಗ ಮಗಳು ಆ ಹಲಗೆಯ ಸಂದಿಯಲ್ಲಿ ಗಿರಾಕಿಗಳನ್ನು ನೋಡಿಟ್ಟುಕೊಂಡು, ಊಟದ ಹೊತ್ತಿಗೆ ಒಬ್ಬೊಬ್ಬರನ್ನೂ ಅಣಕಿಸಿ ತಾಯಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಹದಿನಾರಕ್ಕೆ ಕಾಲಿಟ್ಟ ಮೇಲೆ ಅದೆಲ್ಲ ನಿಂತಿತು. ಕೇಳಿದರೆ ಹೂಂ, ಉಹೂಂ. ದಿನವೂ ತಲೆನೋವು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಸಾಕು. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುತ್ತಿರಲಿಲ್ಲ, ನೆನಪಿಸಿದರೆ ಮೈಮೇಲೆ ಬರುತ್ತಿದ್ದಳು. ಬಾಯಿಯ ಸುತ್ತ ಕೆಂಪು ಗುಳ್ಳೆಗಳು ಎದ್ದಿದ್ದವು. ಜಿಪ್ಪಕ್ಕ ಇದಕ್ಕೆಲ್ಲ ಒಂದೊಂದು ಕಾರಣ ಕಂಡುಕೊಂಡಿದ್ದಳು: ಪರೀಕ್ಷೆ, ಫೋನು, ವಯಸ್ಸು. ಗುಳ್ಳೆಗೆ ಮುಲಾಮು ತಂದುಕೊಟ್ಟಳು.

ಅದೇ ದಿನಗಳಲ್ಲಿ ಅಂಟಿನ ಡಬ್ಬಿ ಬೇಗಬೇಗ ಖಾಲಿಯಾಗತೊಡಗಿತು. ಜಿಪ್ಪಕ್ಕನಿಗೆ ಮೊದಲು ಸಂಶಯ ಬಂದದ್ದು ಮುಚ್ಚಳದ ಮೇಲೆ. ಗಾಳಿಯಾಡಿದರೆ ಅಂಟು ಒಣಗಿ ಕಡಿಮೆಯಾಗುವುದು ಆ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ. ಮುಚ್ಚಳದೊಳಗೆ ರಬ್ಬರ್ ಹಾಳೆ ಕತ್ತರಿಸಿ ಕೂರಿಸಿದಳು. ಮೇಲೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದಳು. ಡಬ್ಬಿಯನ್ನು ಕಿಟಕಿಯಿಂದ ದೂರ, ಹಲಗೆಯ ಗೋಡೆಯ ಬುಡಕ್ಕೆ ಸರಿಸಿ ಇಟ್ಟಳು. ಅಲ್ಲಿಂದ ಮಗಳ ಹಾಸಿಗೆಗೆ ಎರಡೇ ಹೆಜ್ಜೆ. ಅದ್ಯಾವುದೂ ಕೆಲಸ ಮಾಡದಿದ್ದಾಗ ಸಂಶಯ ಅಂಟು ಮಾರುವ ಯಜಮಾನರ ಮೇಲೆ ತಿರುಗಿತು. ಒಂದು ಮಧ್ಯಾಹ್ನ ಅರ್ಧ ಖಾಲಿಯಾದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಜಗಳಕ್ಕೆ ಹೊರಟೇಬಿಟ್ಟಳು.

“ಇಷ್ಟು ವರ್ಷದ ಗಿರಾಕಿ ನಾನು. ನನಗೇ ಟೋಪಿ ಹಾಕ್ತೀರಾ ಯಜಮಾನ್ರೇ?” ಎಂದು ಡಬ್ಬಿಯನ್ನು ಅವರ ಮೇಜಿನ ಮೇಲೆ ಕುಕ್ಕಿದಳು.

ಯಜಮಾನರು ವಯಸ್ಸಾದವರು, ಸಾವಧಾನದ ಮನುಷ್ಯ. ಕಪಾಟಿನಿಂದ ಹೊಸ ಡಬ್ಬಿಯೊಂದನ್ನು ತೆಗೆದು ಅವಳ ಕಣ್ಣೆದುರೇ ತಕ್ಕಡಿಗಿಟ್ಟರು. “ತೂಕ ಸರಿಯಾಗಿದೆಯಲ್ಲ ಅಕ್ಕ. ನೀವೇ ನೋಡಿ.”

“ಹಾಗಾದ್ರೆ ಎಲ್ಲಿ ಹೋಗುತ್ತೆ? ಕಾಲು ಬರುತ್ತಾ ಅದಕ್ಕೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಮನೇಲಿ ಯಾರ್ಯಾರಿದ್ದೀರಿ?” ಎಂದರು.

“ನಾನು, ನನ್ನ ಮಗಳು. ಯಾಕೆ?”

“ಮಗಳಿಗೆ ವಯಸ್ಸೆಷ್ಟು?”

“ಹದಿನಾರು. ಅದಕ್ಕೂ ಇದಕ್ಕೂ ಏನ್ ಸಂಬಂಧ?”

“ಬೇಜಾರು ಮಾಡ್ಕೋಬೇಡಿ ಅಕ್ಕ. ಮಕ್ಕಳು ಇದನ್ನ ಮೂಸ್ತಾರೆ, ಮತ್ತಿಗೋಸ್ಕರ. ನನ್ನ ತಮ್ಮನ ಮಗನೂ…” ಎಂದು ಅವರು ಅಲ್ಲಿಗೇ ನಿಲ್ಲಿಸಿದರು.

ಜಿಪ್ಪಕ್ಕ ಬಾಯಿಗೆ ಬಂದಂತೆ ಬೈದಳು. ತನ್ನ ಮಗಳ ಮೇಲೆ ಅಂಥ ಮಾತಾಡಿದ ನಾಲಿಗೆಗೆ ಏನೇನಾಗಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳಿ, ಡಬ್ಬಿಯನ್ನು ಕಿತ್ತುಕೊಂಡು ಹೊರಬಂದಳು. ಅರ್ಧ ದಾರಿಯವರೆಗೂ ಸಿಟ್ಟು ಅವಳನ್ನು ನಡೆಸಿಕೊಂಡು ಬಂತು. ಔಷಧದ ಅಂಗಡಿಯ ತಿರುವಿನಲ್ಲಿ ಆ ಮುಲಾಮು ನೆನಪಾಯಿತು. ಎರಡು ತಿಂಗಳಾದರೂ ವಾಸಿಯಾಗದ, ಬಾಯಿಯ ಸುತ್ತಲೇ ಎದ್ದ ಗುಳ್ಳೆಗಳು ನೆನಪಾದವು. ಅಲ್ಲಿಂದ ಮುಂದೆ ಅವಳು ನಡೆಯಲಿಲ್ಲ, ಓಡಿದಳು.

ಮಗಳು ಶಾಲೆಯಿಂದ ಬೇಗ ಬಂದಿದ್ದಳು. ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಕಾಲ ಬಳಿ ಶೂ ಅಂಟಿನ ಇನ್ನೊಂದು ಡಬ್ಬಿ ಬಾಯಿ ತೆರೆದುಕೊಂಡಿತ್ತು. ತಾಯಿಯನ್ನು ನೋಡಿ ನಕ್ಕಳು. ಅದು ಗುರುತು ಸಿಕ್ಕ ನಗುವಾಗಿರಲಿಲ್ಲ. ಜಿಪ್ಪಕ್ಕ ಕಪಾಳಕ್ಕೆ ಒಂದು ಬಿಟ್ಟಳು. ಹುಡುಗಿ ಅಳಲಿಲ್ಲ, ಬೈಯಲಿಲ್ಲ, ಏಟು ಬಿದ್ದದ್ದು ಬೇರೆ ಯಾರಿಗೋ ಎಂಬಂತೆ ನೋಡಿದಳು. ಆಮೇಲೆ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದಳು. ಆ ಏಟಿಗಾಗಿ ಜಿಪ್ಪಕ್ಕ ತನ್ನ ಕೈಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯ ವೈದ್ಯ ಚಿಕ್ಕ ವಯಸ್ಸಿನವನು, ಸುತ್ತಿ ಬಳಸಿ ಹೇಳಲಿಲ್ಲ. “ಈ ಸಲ ಉಳಿದಿದ್ದಾಳೆ. ಇದ್ರಲ್ಲಿ ಎಷ್ಟನೇ ಸಲ ಅನ್ನೋ ಲೆಕ್ಕ ಇಲ್ಲಮ್ಮ. ಯಾವುದೋ ಒಂದು ಸಲಕ್ಕೆ ಹೃದಯ ನಿಂತುಹೋಗಬಹುದು. ಮಿದುಳಿಗೂ ಪೆಟ್ಟು. ಆದ್ರೆ ಈಗ ಬಿಟ್ರೆ ಎಷ್ಟೋ ಮಟ್ಟಿಗೆ ಸುಧಾರಿಸ್ತಾಳೆ, ಚಿಕ್ಕವಳು.” ಹೀಗೆ ಹೇಳಿ ಅದೇ ಆಸ್ಪತ್ರೆಯ ಮೂರನೇ ಮಹಡಿಯ ಆಪ್ತಸಮಾಲೋಚಕಿಗೆ ಚೀಟಿ ಬರೆದುಕೊಟ್ಟ.

ಆಪ್ತಸಮಾಲೋಚಕಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಫ್ಯಾನು, ಮೇಜಿನ ಮೇಲೆ ಮೇಡಂ ಅವರ ಬ್ಯಾಗು. ಮೊದಲ ಎರಡು ವಾರ ಅಲ್ಲಿ ಮಾತಾಡಿದವಳು ಜಿಪ್ಪಕ್ಕ ಒಬ್ಬಳೇ. ಮೇಡಂ ಮಗಳನ್ನು ಕೇಳಿದರೆ ತಾಯಿ ಉತ್ತರ ಕೊಡುತ್ತಿದ್ದಳು. “ನಿದ್ದೆ ಹೇಗಿದೆ?” ಎಂದರೆ “ಚೆನ್ನಾಗಿ ಮಲಗ್ತಾಳೆ ಮೇಡಂ.” “ಶಾಲೇಲಿ ಹೇಗೆ?” ಎಂದರೆ “ಶಾಲೇಲಿ ಏನೂ ತೊಂದರೆ ಇಲ್ಲ.” ಹುಡುಗಿ ಫ್ಯಾನನ್ನು ನೋಡುತ್ತಾ ಕೂರುತ್ತಿದ್ದಳು.

ಮೂರನೇ ವಾರ ಜಿಪ್ಪಕ್ಕನ ಕಣ್ಣು ಮೇಡಂ ಅವರ ಬ್ಯಾಗಿನ ಮೇಲೆ ಬಿತ್ತು. ಜಿಪ್ಪಿನ ರನ್ನರ್ ಒಂದು ಕಡೆ ಹಲ್ಲು ಬಿಟ್ಟಿತ್ತು, ಬಾಯಿಗೆ ಎರಡು ಪಿನ್ನು ಚುಚ್ಚಿದ್ದರು. ಅವಳು ತಡೆದುಕೊಳ್ಳುವಷ್ಟು ತಡೆದುಕೊಂಡಳು. ಕೊನೆಗೆ, “ತಪ್ಪು ತಿಳ್ಕೋಬೇಡಿ ಮೇಡಂ, ಅದನ್ನ ನೋಡ್ತಾ ಇದ್ರೆ ನಂಗೆ ತಲೆ ಓಡಲ್ಲ” ಎಂದು ಬ್ಯಾಗನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಇಕ್ಕಳ ತೆಗೆದಳು. ಇಕ್ಕಳವಿಲ್ಲದೆ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿ ಹಿಡಿದು ತಲೆ ಬಗ್ಗಿಸಿದಳು. ಕೋಣೆ ಸದ್ದಿಲ್ಲದಂತಾಯಿತು.

ಆ ಸದ್ದಿಲ್ಲದ ಕೋಣೆಯಲ್ಲಿ ಮಗಳು ಬಾಯಿ ಬಿಟ್ಟಳು.

“ನಿದ್ದೆ ಬರಲ್ಲ. ಕಣ್ ಮುಚ್ಕೊಂಡ್ ಬಿದ್ದಿರ್ತೀನಿ ಅಷ್ಟೆ.”

ಜಿಪ್ಪಕ್ಕ ತಲೆ ಎತ್ತಿದಳು. ಮೇಡಂ ಅವಳ ಕಡೆ ನೋಡದೆಯೇ, “ನೀವು ರಿಪೇರಿ ಮಾಡ್ತಾ ಇರಿ” ಎಂದರು. ಬಾಯಲ್ಲಿ ಪಿನ್ನಿದ್ದುದರಿಂದ ಬಚಾವು.

“ಶಾಲೇಲಿ ನಂಗೆ ಅಂಟು ಅಂತ ಹೆಸರು,” ಹುಡುಗಿ ಮುಂದುವರಿಸಿದಳು. “ಬಟ್ಟೆ, ಕೂದಲು, ಪುಸ್ತಕ, ಎಲ್ಲಾ ಅಂಗಡಿ ವಾಸನೆ. ನನ್ನ ಬೆಂಚಲ್ಲಿ ಯಾರೂ ಕೂರಲ್ಲ. ಫೋನಲ್ಲಿ ಗುಂಪು ಮಾಡ್ಕೊಂಡು ಮೂಗು ಮುಚ್ಕೊಂಡಿರೋ ಫೋಟೋ ಹಾಕ್ತಾರೆ. ನನ್ನ ಗೆಳತಿನೂ ಹಾಕಿದ್ಲು. ತಲೇಲಿ ಅದೇ ಓಡ್ತಾ ಇರುತ್ತೆ, ಎದೆ ಹಿಡ್ಕೊಂಡಂಗಾಗುತ್ತೆ. ಹೇಗೂ ಹೆಸರು ಬಂದಿದೆಯಲ್ಲ, ಒಂದ್ಸಲ ನೋಡೇ ಬಿಡೋಣ ಅಂತ… ಆಗ ಎಲ್ಲಾ ನಿಂತುಹೋಯ್ತು. ನಂಗೆ ಅಷ್ಟೇ ಬೇಕಾಗಿತ್ತು, ನಿಲ್ಲೋದು.”

“ಆಮೇಲೆ?”

“ಆಮೇಲೆ ಮೊದ್ಲಿಗಿಂತ ಜೋರಾಗಿ ಓಡೋಕೆ ಶುರುವಾಯ್ತು. ಈಗ ಪಾಠಾನೂ ತಲೇಲಿ ನಿಲ್ಲಲ್ಲ.”

“ಅಮ್ಮನ ಹತ್ರ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಿನ್ನ ಅಂಗಡಿ ನಾರುತ್ತೆ ಅಂತಲಾ? ಅದ್ರಲ್ಲೇ ನನ್ನ ಸಾಕಿರೋದು ಅವಳು.”

ಜಿಪ್ಪಕ್ಕ ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡಳು. ಕಣ್ಣು ತುಂಬಿ ಜಿಪ್ಪಿನ ಹಲ್ಲು ಕಾಣಿಸುತ್ತಿರಲಿಲ್ಲ, ಆದರೂ ರನ್ನರ್ ಒತ್ತಿ ಎಳೆದಳು, ಸರಾಗವಾಗಿ ಓಡಿತು. ಬ್ಯಾಗನ್ನು ಮೇಜಿನ ಮೇಲಿಟ್ಟಳು. ಹುಟ್ಟಿದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಮರುದಿನ ಅವಳು ಮನೆಯಲ್ಲಿದ್ದ ಅಂಟನ್ನೆಲ್ಲ ಕಟ್ಟಿಕೊಂಡು ಯಜಮಾನರ ಅಂಗಡಿಗೆ ಹೋದಳು. “ಇದು ವಾಪಸ್. ನಾನು ಅವತ್ತು ಆಡಿದ ಮಾತೂ ವಾಪಸ್” ಎಂದಳು. ಯಜಮಾನರು ಎರಡನ್ನೂ ತೆಗೆದುಕೊಂಡರು. ಹಲಗೆಯ ಮೇಲಿನ ‘ಶೂ’ ಎಂಬ ಅಕ್ಷರಕ್ಕೆ ಬಣ್ಣ ಬಳಿದಳು, ಅಂಟಿಲ್ಲದೆ ಶೂ ಕೆಲಸ ಆಗುವುದಿಲ್ಲ. ಗೋಡೆಗೆ ಸುಣ್ಣ ಹೊಡೆಸಿದಳು, ಪರದೆ ಬದಲಿಸಿದಳು, ಮಗಳ ಬಟ್ಟೆಗಳನ್ನು ಮೂರು ಸಲ ಒಗೆದಳು. ಅಪ್ಪನ ದಬ್ಬಳ, ಮೇಣದ ಉಂಡೆ ಹೊರಗೆ ಬಂದವು. ಬ್ಯಾಗಿನ ಹಿಡಿ ಹೊಲಿಯಲು ಈಗ ಒಂದೂವರೆ ಗಂಟೆ. ಬೆರಳ ತುದಿ ತೂತು ಬಿತ್ತು. ಹಳೆಯ ಗಿರಾಕಿಗಳು ಗಡಿಯಾರ ನೋಡಿ, ಮುಖ ಗಂಟು ಹಾಕಿಕೊಂಡು, ಬೀದಿಯ ಆ ತುದಿಯ ಅಂಗಡಿಗೆ ಓಡಿದರು. ಜಿಪ್ಪಕ್ಕನ ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉರಿಯಿತು.

ಅದಕ್ಕಿಂತ ಹೆಚ್ಚಾಗಿ ಉರಿಯುತ್ತಿದ್ದದ್ದು ಭಯ. ಅಂಟು ಅವಳ ಅಂಗಡಿಯಲ್ಲಿಲ್ಲದಿದ್ದರೇನಾಯಿತು, ಊರಲ್ಲಿ ಇದೆಯಲ್ಲ. ಮಗಳು ಮನೆಗೆ ಬಂದ ಕೂಡಲೇ ಅವಳ ಬ್ಯಾಗು, ಕರವಸ್ತ್ರ, ತೋಳು ಎಲ್ಲವನ್ನೂ ಮೂಸಿ ನೋಡಬೇಕೆನ್ನಿಸುತ್ತಿತ್ತು. ಮೂಸಲು ಮೂಗೆಲ್ಲಿದೆ? ಒಮ್ಮೆ ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಎಷ್ಟೆಳೆದರೂ ಏನೂ ಹತ್ತದೆ, ಅಲ್ಲೇ ನೆಲದ ಮೇಲೆ ಕೂತು ತನ್ನ ಮೂಗನ್ನು ತಾನೇ ಶಪಿಸಿದಳು. ಆಗ ಅವಳಿಗೆ ಹೊಳೆದದ್ದು ಅಣ್ಣ.

ಅಣ್ಣ ಲಿಫ್ಟ್ ರಿಪೇರಿಯವನು. ತಂಗಿಯ ಮೇಲೆ ಪ್ರಾಣ, ಆದರೆ ಬುದ್ಧಿ ಸ್ವಲ್ಪ ನಿಧಾನವಾಗಿ ಮೇಲೇರುತ್ತಿತ್ತು. ಮೊದಲು ಸುದ್ದಿ ಕೇಳಿದಾಗ, “ಹೊರಗಡೆ ಯಾರಿಗೂ ಹೇಳ್ಬೇಡ ಕಣೇ. ನಾಲ್ಕು ಬಾರಿಸಿದ್ರೆ ಸರಿಹೋಗುತ್ತೆ” ಎಂದಿದ್ದ. “ಒಂದು ಬಾರಿಸಿದ್ದೀನಿ. ಅದೇ ಜಾಸ್ತಿಯಾಗಿದೆ” ಎಂದು ಅವಳು ಅವನ ಬಾಯಿ ಮುಚ್ಚಿಸಿದ್ದಳು. ಈಗ ಅವನನ್ನೇ ದಿನವೂ ಸಂಜೆ ಟೀಗೆ ಕರೆಯತೊಡಗಿದಳು. ಅವನು ಬರುತ್ತಿದ್ದ, ಸೋದರಸೊಸೆಯ ತಲೆ ಸವರುವ ನೆಪದಲ್ಲಿ ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದ, ತಂಗಿಯ ಕಡೆ ತಿರುಗಿ ಏನೂ ಇಲ್ಲವೆಂದು ಕಣ್ಣಲ್ಲೇ ಹೇಳುತ್ತಿದ್ದ. ಬೇಹುಗಾರಿಕೆಯಲ್ಲಿ ಇಬ್ಬರೂ ತಮ್ಮನ್ನು ಭಾರಿ ಜಾಣರೆಂದುಕೊಂಡಿದ್ದರು.

ಹದಿನಾರರ ಹುಡುಗಿಗೆ ಅದು ತಿಳಿಯದಿರುತ್ತದೆಯೇ? ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಾವ ಬಗ್ಗಿದ ಕೂಡಲೇ ಅವಳು ಹಿಂದಕ್ಕೆ ಸರಿದು ಎದ್ದು ನಿಂತಳು.

“ಶಾಲೇಲೂ ಮೂಗು ಮುಚ್ಕೋತಾರೆ. ಮನೇಲೂ ಮಾವನ್ನ ಕರ್ಸಿ ನನ್ನ ಮೂಸಿಸ್ತೀಯಾ ಅಮ್ಮ?”

ಮಾವನ ಮುಖ ಕೆಂಪಾಯಿತು. ಟೀ ಹಾಗೇ ಬಿಟ್ಟು ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಜಿಪ್ಪಕ್ಕ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮೂಗಿನ ಮೇಲಿನ ಕೋಪ ನಾಲಿಗೆಗೆ ಇಳಿಯಿತು: “ನಿನಗೋಸ್ಕರ ಅಪ್ಪನ ಕಾಲದಿಂದ ಬಂದ ಕೆಲಸ ಅರ್ಧ ಬಿಟ್ಟಿದ್ದೀನಿ. ಅಷ್ಟೂ ಕೇಳೋ ಹಕ್ಕಿಲ್ವಾ ನಂಗೆ?”

“ಬಿಡು ಅಂತ ನಾನು ಹೇಳಿದ್ನಾ?”

ಎರಡು ದಿನ ಕಳೆದು ಶಾಲೆಯಿಂದ ಫೋನು ಬಂತು. ಹುಡುಗಿ ಮೈದಾನದ ಹಿಂದೆ ಒಬ್ಬಳೇ, ತೊದಲುತ್ತಾ ಕೂತಿದ್ದಳಂತೆ. ಎಲ್ಲಿಂದ ಏನು ತಂದಿದ್ದಳೋ. ಮತ್ತೆ ಅದೇ ಆಸ್ಪತ್ರೆ, ಅದೇ ವೈದ್ಯ. ಈ ಸಲವೂ ಉಳಿದಳು. ಜಿಪ್ಪಕ್ಕ ಮಂಚದ ಪಕ್ಕದಲ್ಲಿ ಕೂತು, ಮಗಳ ಎದೆ ಏರಿ ಇಳಿಯುವುದನ್ನು ಎಣಿಸಿದಳು. ಇಳಿದ ಎದೆ ಮತ್ತೆ ಏರುವವರೆಗೂ ಅವಳಿಗೆ ನಂಬಿಕೆಯಿರಲಿಲ್ಲ.

ಮೇಡಂ ಕೆಳಗಿಳಿದು ಬಂದರು. “ಎಲ್ಲಾ ಹಾಳಾಯ್ತು ಮೇಡಂ,” ಎಂದಳು ಜಿಪ್ಪಕ್ಕ. “ಮಾಡಿದ್ದೆಲ್ಲ ನೀರಲ್ಲಿ ಹೋಮ.”

“ಹಾಳಾಗಿಲ್ಲ. ಏಳು ವಾರ ಮುಟ್ಟಿರ್ಲಿಲ್ಲ ಅವಳು. ಆ ಏಳು ವಾರ ಎಲ್ಲೂ ಹೋಗಲ್ಲ.”

“ನಂಗೆ ಮೂಗಿದ್ದಿದ್ರೆ ಮೊದ್ಲೇ ಗೊತ್ತಾಗ್ತಿತ್ತು.”

“ಮೂಗಿರೋ ಅಮ್ಮಂದಿರೂ ಇಲ್ಲಿಗೆ ಬರ್ತಾರೆ. ವಾಸನೆ ಹತ್ತೋದು ತಗೊಂಡ ಮೇಲೆ ತಾನೇ?” ಮೇಡಂ ಅವಳ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡರು. “ತಗೊಳ್ಳೋಕೆ ಮುಂಚೆ ಗೊತ್ತಾಗೋ ದಾರಿ ಒಂದೇ. ಅವಳೇ ಹೇಳ್ಬೇಕು. ಹೇಳಿದ್ರೆ ಏನಾಗುತ್ತೋ ಅನ್ನೋ ಭಯ ಅವಳಿಗಿರಬಾರದು, ಅಷ್ಟು ನೀವು ಮಾಡಿ.”

ಬ್ಯಾಗು ಹೊಲಿಯುವುದಕ್ಕಿಂತ ಇದು ಕಷ್ಟದ ಕೆಲಸವಾಗಿತ್ತು. ಮಗಳು ಮನೆಗೆ ಬಂದ ದಿನ ಜಿಪ್ಪಕ್ಕ ಅವಳೆದುರು ಕೂತು, “ಮೂಸಿಸಿದ್ದು ತಪ್ಪು. ಹೊಡೆದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇನ್ಮೇಲೆ ನಾನು ಹುಡುಕಲ್ಲ ಕಣೇ. ನೀನು ಹೇಳಿದ್ದನ್ನ ನಂಬ್ತೀನಿ” ಎಂದಳು. ಹುಡುಗಿ ನಂಬಿದಂತೆ ಕಾಣಲಿಲ್ಲ. ಜಿಪ್ಪಕ್ಕನಿಗೇ ತನ್ನ ಮೇಲೆ ಪೂರಾ ನಂಬಿಕೆಯಿರಲಿಲ್ಲ. ಆದರೂ ಹಲ್ಲು ಕಚ್ಚಿಕೊಂಡು ಮಾತು ಉಳಿಸಿಕೊಂಡಳು. ಬ್ಯಾಗು ಮುಟ್ಟಲಿಲ್ಲ, ತಡವಾಗಿ ಬಂದ ದಿನ ಯಾಕೆಂದು ಮೈಮೇಲೆ ಬೀಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದಳೋ. ಅಣ್ಣ ಬಂದರೆ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು, ಸೊಸೆಯಿಂದ ಮೂರಡಿ ದೂರದಲ್ಲಿ, ಅಪರಾಧಿಯಂತೆ ಟೀ ಕುಡಿಯುತ್ತಿದ್ದ. “ಹತ್ರ ಬನ್ನಿ ಮಾವ, ಏನ್ ಮಾಡಲ್ಲ” ಎಂದು ಅವಳೇ ಒಂದು ದಿನ ಕರೆದಳು.

ಮೇಡಂ ಶಾಲೆಯವರ ಜೊತೆ ಮಾತಾಡಿದರು. ಆ ಫೋನಿನ ಗುಂಪು ಮುಚ್ಚಿತು. ಬೆಂಚಿಗೆ ಇನ್ನೊಬ್ಬ ಹುಡುಗಿ ಬಂದು ಕೂತಳು. ಗುಳ್ಳೆಗಳು ಒಣಗಿದವು, ತಟ್ಟೆ ಖಾಲಿಯಾಗತೊಡಗಿತು, ನಿದ್ದೆಗೆ ವೈದ್ಯರು ಕೊಟ್ಟ ಮಾತ್ರೆ ಕ್ರಮೇಣ ಅರ್ಧಕ್ಕಿಳಿಯಿತು. ಕೆಲವು ದಿನ ಹಿಂದಕ್ಕೂ ಹೋಗುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಆ ದಿನಗಳಲ್ಲಿ ಜಿಪ್ಪಕ್ಕ ಹೊಲಿಗೆಯನ್ನು ಒಳಗೇ ತಂದು, ಮಂಚದ ಕೆಳಗೆ ಕೂತು ದಾರ ಎಳೆಯುತ್ತಿದ್ದಳು.

ಮಗಳು ಎರಡನೇ ಸಲ ಆಸ್ಪತ್ರೆಯಿಂದ ಬಂದ ಐದನೆಯ ತಿಂಗಳು, ಒಂದು ಮಧ್ಯಾಹ್ನ. ಶಾಲೆ ಬಿಡಲು ಇನ್ನೂ ಎರಡು ಗಂಟೆ ಇತ್ತು. ಸ್ಟೂಲಿನ ಮೇಲೆ ಪ್ರಯಾಣದ ಹೆಂಗಸೊಬ್ಬಳು ಕೂತಿದ್ದಳು, ಅವಳ ಬ್ಯಾಗಿನ ಪಟ್ಟಿ ಜಿಪ್ಪಕ್ಕನ ತೊಡೆಯ ಮೇಲಿತ್ತು. ಬಾಗಿಲಿಗೆ ನೆರಳು ಬಿತ್ತು, ತಲೆ ಎತ್ತಿದರೆ ಮಗಳು. ಸಮವಸ್ತ್ರದ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

“ಟೀಚರ್‌ನ ಕೇಳ್ಕೊಂಡೇ ಬಂದೆ,” ಎಂದಳು. “ಅಮ್ಮ, ಇವತ್ತು ಬೇಕು ಅನ್ನಿಸ್ತಾ ಇದೆ. ತುಂಬಾ. ಒಬ್ಳೇ ಇದ್ರೆ ತಗೊಂಡ್ಬಿಡ್ತೀನಿ.”

ಜಿಪ್ಪಕ್ಕನ ಒಳಗೆ ನೂರು ಪ್ರಶ್ನೆಗಳು ಒಟ್ಟಿಗೆ ಎದ್ದವು. ಯಾಕೆ, ಏನಾಯಿತು, ಯಾರು ಏನಂದರು, ಈಗಾಗಲೇ ತಗೊಂಡೆಯಾ. ಒಂದನ್ನೂ ಕೇಳಲಿಲ್ಲ. ದಬ್ಬಳವನ್ನು ಚರ್ಮಕ್ಕೆ ಚುಚ್ಚಿಟ್ಟು ಎದ್ದಳು. “ಕ್ಷಮಿಸಿ ಅಮ್ಮ, ನನ್ನ ಮಗಳಿಗೆ ನಾನು ಬೇಕು” ಎಂದು ಗಿರಾಕಿಗೆ ಹೇಳಿದಳು. ಆ ಹೆಂಗಸು ಒಮ್ಮೆ ಹುಡುಗಿಯ ಮುಖ ನೋಡಿ, “ಹೋಗ್ಬನ್ನಿ, ಇನ್ನೊಂದು ಬಸ್ಸಿದೆ. ನಾನಿಲ್ಲೇ ಇರ್ತೀನಿ” ಎಂದಳು.

ತಾಯಿ ಮಗಳು ನಡೆದರು. ಎಲ್ಲಿಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಔಷಧದ ಅಂಗಡಿ ದಾಟಿ, ಬಸ್ ನಿಲ್ದಾಣ ಸುತ್ತಿ, ಬಕೆಟ್ಟು ಪೊರಕೆ ಮಾರುವ ಸಾಲಿನವರೆಗೆ ಹೋದರು. ಹುಡುಗಿ ನಡುಗುತ್ತಿದ್ದಳು, ತಾಯಿಯ ಮೊಣಕೈಯನ್ನು ಉಗುರು ನೆಡುವಂತೆ ಹಿಡಿದಿದ್ದಳು. ಮೊದಲ ಸುತ್ತಿನಲ್ಲಿ ಮಾತಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ಉಗುರು ಸಡಿಲವಾಯಿತು, ಉಸಿರು ಸರಿಯಾಯಿತು.

“ಕಡಿಮೆ ಆಯ್ತು,” ಎಂದಳು ಮಗಳು.

“ಮತ್ತೆ ಬರುತ್ತಾ?”

“ಬರುತ್ತೆ ಅನ್ಸುತ್ತೆ.”

ಜಿಪ್ಪಕ್ಕ ಬಕೆಟ್ಟುಗಳ ಅಂಗಡಿಯ ಮುಂದೆ ನಿಂತುಬಿಟ್ಟಳು. ಆಸ್ಪತ್ರೆಯಲ್ಲಿ ತಡೆದಿದ್ದು, ಮನೆಯಲ್ಲಿ ನುಂಗಿದ್ದು ಎಲ್ಲ ಒಟ್ಟಿಗೆ ಉಕ್ಕಿ ಬಂತು. ಬೀದಿಯ ನಟ್ಟನಡುವೆ, ಮುಖ ಮುಚ್ಚಿಕೊಳ್ಳದೆ, ಗೊಳೋ ಎಂದು ಅತ್ತಳು.

“ಅಮ್ಮ, ಎಲ್ಲರೂ ನೋಡ್ತಿದ್ದಾರೆ,” ಮಗಳು ಗಾಬರಿಯಾಗಿ ತೋಳು ಜಗ್ಗಿದಳು. “ಯಾಕಮ್ಮ? ನಾನು ತಗೊಂಡಿಲ್ಲ. ನಿಜವಾಗ್ಲೂ ತಗೊಂಡಿಲ್ಲ.”

“ಗೊತ್ತು ಕಣೇ,” ಎಂದಳು ಜಿಪ್ಪಕ್ಕ. “ನೀನೇ ಬಂದು ಹೇಳಿದೆಯಲ್ಲ.”